ಬಿಲ್ ಬುಕ್ ತೆಗೀಲಾ, ಬೇಡ್ವಾ?

ನಾನಿರೋದು ಒಂದು ಸಣ್ಣ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯ ಸಪೋರ್ಟ್ ಟೀಮಲ್ಲಿ, ಮೆಡಿಕಲ್ ಶಾಪು, ದಿನಸಿ ಅಂಗಡಿ, ಬೇಕರಿ ಇವ್ರೇ ನಮ್ ಕಸ್ಟಮರ್ಸು. ಎರಡು ವರ್ಷದ ಹಿಂದೆ ಒಂದ್ ಶನಿವಾರ ಸಂಜೆ ಆರೂವರೆಗೆ, ಅಂಗಡಿಗಳಲ್ಲಿ ನಿಲ್ಲಕ್ಕೂ ಜಾಗ ಇರದ ಹೊತ್ತಲ್ಲಿ, ಸರ್ವರ್ ಮಕಾಡೆ ಮಲಗ್ತು. ಮೇಲಿಂದ ಬಂದ ಆರ್ಡರ್ ಏನಪ್ಪಾ ಅಂದ್ರೆ "ಕೆಲವು ಗ್ರಾಹಕರಿಗೆ ಅಲ್ಪ ಅಡಚಣೆ ಉಂಟಾಗಿರಬಹುದು" ಅಂತ ಮೆಸೇಜ್ ಹಾಕಿ, ಫೋನ್ ಬಂದ್ರೆ ಐದ್ ನಿಮಿಷ ಅನ್ನಿ. ಕೆಲವು ಗ್ರಾಹಕರಂತೆ! ಒಬ್ರಿಗೂ ಬಿಲ್ ಬರ್ತಿರ್ಲಿಲ್ಲ.

ಹಾಸನದ ಕಡೆ ಮೆಡಿಕಲ್ ಶಾಪ್ ಯಜಮಾನ್ರೊಬ್ರು ಮೂರನೇ ಸಲ ಫೋನ್ ಮಾಡಿದ್ರು, ನಾನು ಮತ್ತೆ ಐದ್ ನಿಮಿಷ ಸರ್ ಅಂದೆ. ಉಗೀತಾರೆ ಅನ್ಕೊಂಡ್ರೆ ತಣ್ಣಗೆ ಕೇಳಿದ್ರು, "ಅಲ್ಲ ಕಣಮ್ಮ, ನಾನು ಬಿಲ್ ಬುಕ್ ತೆಗೀಲಾ ಬೇಡ್ವಾ ಅಷ್ಟ್ ಹೇಳು, ಹದಿನೈದ್ ಜನ ನಿಂತವ್ರೆ." ನಂಗೆ ಬಾಯೇ ಬರ್ಲಿಲ್ಲ. ಡೇಟಾಬೇಸ್ ಯಾಕ್ ಹೋಯ್ತು ಅನ್ನೋದು ಕಟ್ಕೊಂಡು ಅವ್ರಿಗೇನಾಗ್ಬೇಕು. ನಮ್ಮೂರಲ್ಲಿ ಕರೆಂಟ್ ಹೋದಾಗ್ಲೂ ಅಷ್ಟೇ ತಾನೆ, ಟ್ರಾನ್ಸ್‌ಫಾರ್ಮರ್ ಸುಟ್ಟೈತೆ ನಾಳೆ ಮಧ್ಯಾಹ್ನದ ತನಕ ಇಲ್ಲ ಅಂತ ಲೈನ್‌ಮ್ಯಾನ್ ಹೇಳ್ಬಿಟ್ರೆ ಅಮ್ಮ ಇಡ್ಲಿ ಹಿಟ್ಟಿಗೆ ಒರಳುಕಲ್ಲು ತೊಳ್ಕೋತಾಳೆ, ಈಗ್ ಬರುತ್ತೆ ಈಗ್ ಬರುತ್ತೆ ಅಂದ್ರೆ ಅಕ್ಕಿ ನೆನೆದು ನೆನೆದು ಹಾಳಾಗುತ್ತೆ.

ದೊಡ್ಡೋರ ಕಥೆನೂ ಇದೇ. 2017ರ ಫೆಬ್ರವರಿ 28ಕ್ಕೆ ಬೇರೆ ಕಂಪನಿಗಳು ಫೈಲ್ ಇಟ್ಕೊಳ್ಳೋ ಅಮೆಜಾನ್‌ನ ಎಸ್‌3 ಅನ್ನೋ ಆನ್‌ಲೈನ್ ಗೋಡೌನ್ ಬಿದ್ದಾಗ, ಯಾರೋ ಕಮ್ಯಾಂಡಲ್ಲಿ ತಪ್ಪು ಟೈಪ್ ಮಾಡಿ ಬೇಕಾಗಿದ್ದಕ್ಕಿಂತ ಜಾಸ್ತಿ ಸರ್ವರ್ ತೆಗೆದಿದ್ರು, ಸರಿ, ಆಗುತ್ತೆ. ಮಜಾ ಏನಂದ್ರೆ ಸರ್ವಿಸ್ ನಡೀತಿದ್ಯಾ ಬಿದ್ದಿದ್ಯಾ ಅಂತ ಸ್ಟೇಟಸ್ ತೋರಿಸೋ ಡ್ಯಾಶ್‌ಬೋರ್ಡನ್ನ ಅಪ್ಡೇಟ್ ಮಾಡಕ್ಕೂ ಎಸ್‌3 ಬೇಕಿತ್ತು! ಎಲ್ಲಾ ಬಿದ್ದಿದ್ರೂ ಅಲ್ಲಿ ಹಸಿರು ಗುರುತು, ಕೊನೆಗೆ ಟ್ವಿಟ್ಟರಲ್ಲಿ ಹೇಳ್ಬೇಕಾಯ್ತು. 2022ರ ಏಪ್ರಿಲಲ್ಲಿ ಆಫೀಸ್ ಕೆಲಸದ ಸಾಫ್ಟ್‌ವೇರ್ ಮಾಡೋ ಅಟ್ಲಾಸಿಯನ್ನೋರು ಇನ್ನೊಂದ್ ಹೆಜ್ಜೆ ಮುಂದೆ, ಒಂದ್ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಮ್) ಓಡ್ಸಿ 775 ಕಸ್ಟಮರ್‌ಗಳ ಸೈಟ್‌ನೇ ಅಳಿಸಿಹಾಕಿದ್ರು, ಅದ್ರ ಜೊತೆ ಆ ಕಸ್ಟಮರ್‌ಗಳ ಕಾಂಟ್ಯಾಕ್ಟ್ ವಿವರನೂ ಹೋಯ್ತು, ಸಾರಿ ಕೇಳೋಣ ಅಂದ್ರೂ ಯಾರಿಗೆ ಕೇಳ್ತೀರ? ಕೆಲವ್ರಿಗೆ ವಾಪಸ್ ಸಿಗಕ್ಕೆ 14 ದಿನ ಹಿಡೀತು.

ಇದನ್ನೆಲ್ಲಾ ಓದ್ಕೊಂಡು ಹೋಗಿ ಜಗಳ ಆಡಿ ನಮ್ ಸ್ಟೇಟಸ್ ಪೇಜನ್ನ ಬೇರೆ ಹೋಸ್ಟಿಂಗಿಗೆ, ಅಂದ್ರೆ ನಮ್ ಸರ್ವರ್ ಬಿದ್ರೂ ಅದರ ಜೊತೆ ಬೀಳದ ಕಡೆಗೆ, ಹಾಕ್ಸಿದೀನಿ, ಕಸ್ಟಮರ್ಸ್ ನಂಬರ್ ಪ್ರತಿ ಸೋಮವಾರ ಬೇರೆ ಕಡೆ ಇಳಿಸಿಟ್ಕೋತೀವಿ. ಬಿದ್ದ ಹತ್ತು ನಿಮಿಷದೊಳಗೆ ಮೊದಲ ಮೆಸೇಜ್ ಹೋಗ್ಬೇಕು, ಕಾರಣ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತಾನೇ, ಮುಂದಿನ ಮೆಸೇಜ್ ಎಷ್ಟೊತ್ತಿಗೆ ಅಂತ ಟೈಮ್ ಸಮೇತ. ಆ ಟೈಮಿಗೆ ಹೇಳಕ್ಕೆ ಹೊಸದೇನೂ ಇಲ್ದಿದ್ರೂ ಅದನ್ನೇ ಹೇಳೋದು, ಇದೇ ನಮ್ ಹುಡುಗ್ರಿಗೆ ಜಾಸ್ತಿ ಕಷ್ಟ, ಸುಮ್ನೆ ಇದ್ಬಿಡೋದು ಸುಲಭ ನೋಡಿ.

ಹೋದ ತಿಂಗಳು ಮತ್ತೆ ಬಿತ್ತು. "7:15ರ ತನಕ ಬರಲ್ಲ, ಬಿಲ್ ಬುಕ್ ತೆಗೀರಿ, ಆಮೇಲೆ ಎಂಟ್ರಿ ಮಾಡ್ಕೋಬಹುದು" ಅಂತ ಹಾಕ್ದೆ. ಫೋನ್ ಬಂದಿದ್ದು ಬೆರಳೆಣಿಕೆಯಷ್ಟು. ಬಿಲ್ ಬುಕ್ ಅಂತೆಲ್ಲಾ ಹಾಕಿದ್ರೆ ಪ್ರೊಫೆಶನಲ್ ಆಗಿ ಕಾಣಲ್ಲ, ಟೆಂಪ್ಲೇಟಿಂದ ತೆಗಿ ಅಂತ ಮ್ಯಾನೇಜರ್ ಹೇಳವ್ರೆ. ಇನ್ನೂ ತೆಗ್ದಿಲ್ಲ.