ಕೇಳೋದು ಸಾಕು, ಶ್ರುತಿ ಹಿಡೀರಿ

ಒಬ್ಬರೇ ಎಳೆದುಕೊಂಡು ಬಂದ ಸಂಬಂಧ ಬಿಟ್ಟ ಹೊಸತರಲ್ಲಿ ವಿರಹಗೀತೆ ಹಾಕಿಕೊಂಡು ಮಲಗಿದರೆ ಆ್ಯಪ್ ಅದನ್ನೇ ನಿಮ್ಮ ರುಚಿ ಅಂದುಕೊಂಡು ಮತ್ತೆ ಮತ್ತೆ ಬಡಿಸುತ್ತದೆ. ಆಟೋಪ್ಲೇ ಆಫ್ ಮಾಡಿ. ಇಬ್ಬರೂ ಸೇರಿ ಮಾಡಿದ ಪ್ಲೇಲಿಸ್ಟ್‌ನಿಂದ ಹೊರಬನ್ನಿ. ಇಲ್ಲದಿದ್ದರೆ ಆಚೆಯವರು ಏನು ಸೇರಿಸಿದರು ಅಂತ ಇಣುಕುವ ಚಟ ಹೋಗದು.

ಕೇಳುವುದಕ್ಕಿಂತ ಹಾಡುವುದು ಮೇಲು. ಸಂಗೀತ ಕಲಿತಿರಬೇಕಿಲ್ಲ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ. ಶ್ರುತಿ, ಅಂದರೆ ನಿಮ್ಮ ‘ಸ’ ಎಷ್ಟು ಎತ್ತರದಲ್ಲಿರಬೇಕು ಅನ್ನುವುದನ್ನು, ‘ಮನೆ’ ಲೆಕ್ಕದಲ್ಲಿ ಹೇಳುತ್ತಾರೆ. ಹೆಂಗಸರಿಗೆ ಸಾಮಾನ್ಯವಾಗಿ ಐದು, ಐದೂವರೆ ಮನೆ ಶ್ರುತಿ. ಗಂಡಸರಿಗೆ ಒಂದು, ಒಂದೂವರೆ. ಗಂಟಲು ಬಿಗಿದರೆ ಅರ್ಧ ಮನೆ ಇಳಿಸಿ. ತಂಬೂರಿಯ ನಾಲ್ಕು ತಂತಿಗಳ ಪ-ಸ-ಸ-ಸ ಮೀಟು ನಡೆಯುತ್ತಿರಲಿ. ಷಡ್ಜವನ್ನು, ಅಂದರೆ ‘ಸ’ ಸ್ವರವನ್ನು, ಅಕಾರದಲ್ಲಿ (‘ಆ’ ಅಂತ) ಉಸಿರು ಮುಗಿಯುವ ತನಕ ಹಿಡಿಯಿರಿ, ಹೀಗೆ ಮತ್ತೆ ಮತ್ತೆ 10 ನಿಮಿಷ. ನಿಧಾನವಾಗಿ ಬಿಡುವ ಉಸಿರೇ ಎದೆಬಡಿತವನ್ನು ತಗ್ಗಿಸುತ್ತದೆ. ಆಮೇಲೆ ಸ, ನಿ, ದ, ಪ ಅಂತ ಮಂದ್ರಕ್ಕೆ, ಅಂದರೆ ಕೆಳಗಿನ ಸ್ಥಾಯಿಗೆ ಇಳಿಯಿರಿ.

ಎರಡೂ ಕಿವಿಗೆ ಇಯರ್‌ಫೋನ್ ಬೇಡ. ನಿಮ್ಮ ದನಿ ನಿಮಗೇ ಸರಿಯಾಗಿ ಕೇಳದೆ ಶ್ರುತಿ ತಪ್ಪುತ್ತದೆ. ಒಂದೇ ಕಿವಿಗೆ ಸಾಕು, ಸ್ಪೀಕರ್ ಇನ್ನೂ ಒಳ್ಳೆಯದು.

ನಡುವೆ ಅಳು ಬಂದೀತು, ದನಿ ಒಡೆದೀತು. ಒತ್ತಿ ಹಾಡಬೇಡಿ, ತುಟಿ ಮುಚ್ಚಿ ಅದೇ ಸ್ವರವನ್ನು ಮೂಗಿನಲ್ಲೇ ಗುನುಗಿ. ಪಕ್ಕದ ಮನೆಯವರು ಏನಂದುಕೊಂಡಾರೋ ಅನ್ನಿಸಿದರೆ ಮಿಕ್ಸಿ ಓಡುವ ಹೊತ್ತೇ ಪ್ರಶಸ್ತ.