ಬೀರು ಹಿಂದಿನ ಜಾಬ್‌ಗಳು

ಆಯುಧ ಪೂಜೆ ಹತ್ತಿರ ಬಂದಾಗ ನಮ್ಮ ವರ್ಕ್‌ಶಾಪ್ ತೊಳೆಯುತ್ತೇವೆ. ಟೂಲ್ಸ್ ಇಡುವ ದೊಡ್ಡ ಬೀರು ಪಕ್ಕಕ್ಕೆ ಸರಿಸಿದರೆ ಅದರ ಹಿಂದೆ ಪ್ರತಿ ವರ್ಷ ಒಂದು ಬಾಂಡ್ಲಿಯಷ್ಟು ಜಾಬ್‌ಗಳು ಸಿಗುತ್ತಿದ್ದವು. ಐಟಿಐನಲ್ಲಿ ಜಾಬ್ ಅಂದರೆ ನೌಕರಿ ಅಲ್ಲ. ಹುಡುಗರು ವೈಸ್‌ಗೆ ಕಟ್ಟಿ ಫೈಲ್, ಅಂದರೆ ಅರ, ಹಿಡಿದು ಉಜ್ಜುವ ಕಬ್ಬಿಣದ ತುಂಡು. ಅಳತೆ ತಪ್ಪಿತು ಅನ್ನಿ, ಅದನ್ನು ಸದ್ದಿಲ್ಲದೆ ಬೀರು ಹಿಂದೆ ತಳ್ಳುತ್ತಾರೆ. ಎಲ್ಲಿಂದಲೋ ಇನ್ನೊಂದು ತುಂಡು ಎತ್ತಿಕೊಂಡು ಮೊದಲಿಂದ ಶುರು ಮಾಡುತ್ತಾರೆ. ಪ್ರತಿ ಜಾಬ್ ಮೇಲೂ ರೋಲ್ ನಂಬರ್ ಪಂಚ್ ಹೊಡೆಸುತ್ತೇವಲ್ಲ, ಹಾಗಾಗಿ ಯಾರದ್ದು ಅಂತ ಗೊತ್ತಾಗುತ್ತಿತ್ತು. ಎಲ್ಲರೆದುರು ನಂಬರ್ ಓದಿ ನಗುತ್ತಿದ್ದೆವು. ನಾನೇ ಜಾಸ್ತಿ ನಗುತ್ತಿದ್ದೆ.

ನಾನು ತುಮಕೂರು ಕಡೆಯ ಒಂದು ಐಟಿಐನಲ್ಲಿ ಫಿಟ್ಟರ್ ಟ್ರೇಡಿನ ಕಿರಿಯ ತರಬೇತಿ ಅಧಿಕಾರಿ. ಹೆಸರು ದೊಡ್ಡದು, ಹುಡುಗರಿಗೆ ನಾನು ಬರೀ ‘ಫಿಟ್ಟರ್ ಸರ್’. ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವವರನ್ನು 2 ವರ್ಷದಲ್ಲಿ ಕಾರ್ಖಾನೆಗೆ ತಯಾರು ಮಾಡಬೇಕು. ಹೋದ ವರ್ಷ ಎರಡನೇ ವರ್ಷದ ಹುಡುಗರನ್ನು ಎರಡು ವಾರದ ತರಬೇತಿಗೆ ಪೀಣ್ಯದ ಒಂದು ಯೂನಿಟ್‌ಗೆ ಕರೆದುಕೊಂಡು ಹೋಗಿದ್ದೆ. ಗಾಡಿಗಳ ಬಿಡಿಭಾಗ ಮಾಡುವ ಜಾಗ, ತುಂಬಾ ದೊಡ್ಡದೇನಲ್ಲ.

ಹೋಗುವ ಮೊದಲು ಒಂದು ತಿಂಗಳು ತಯಾರಿ ನಡೆಸಿದ್ದೆ. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಅಂತ ಒಂದು ಪಾಠವೇ ಇದೆ ನಮಗೆ. ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಳ್ಳುವುದನ್ನು ಬಾಯಿಪಾಠ ಮಾಡಿಸಿದೆ. ಶರ್ಟ್ ಇನ್ ಮಾಡಿಸಿದೆ. ಸೇಫ್ಟಿ ಶೂ ಇಲ್ಲದವರಿಗೆ ಹಳೆಯ ಬ್ಯಾಚಿನವರಿಂದ ಇಸಿದುಕೊಟ್ಟೆ, ಒಬ್ಬನಿಗೆ ಎರಡು ಸೈಜ್ ದೊಡ್ಡದು, ಒಳಗೆ ಪೇಪರ್ ತುರುಕಿದ. ಕೆಲಸದ ಜಾಗ ಓರಣವಾಗಿಡಲು ಜಪಾನಿನವರು ಮಾಡಿದ ಐದು ‘ಎಸ್’ ಸೂತ್ರ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದರು. ಆ ಐದು ‘ಎಸ್’ ನಮ್ಮ ವರ್ಕ್‌ಶಾಪ್ ಗೋಡೆ ಮೇಲೂ ಇದೆ, ಫ್ರೇಮ್ ಹಾಕಿ. ಹಬ್ಬದ ದಿನ ಅದಕ್ಕೂ ಒಂದು ಹೂವಿನ ಹಾರ ಬೀಳುತ್ತದೆ.

ಮೊದಲ ದಿನ ಬೆಳಗಿನ ಜಾವದ ಬಸ್ಸಿಗೆ ಹೊರಟೆವು. ನೆಲಮಂಗಲ ದಾಟಿದ ಮೇಲೆ ನಾನು ಸೀಟಿನಿಂದ ಎದ್ದು ನಿಂತು ಒಂದು ಮಾತು ಹೇಳಿದೆ. ‘ನೋಡ್ರೋ, ನಮ್ ಸಂಸ್ಥೆ ಹೆಸರು ನಿಮ್ ಕೈಲಿದೆ. ಒಂದೇ ಒಂದು ತಪ್ಪು ಆಗಬಾರದು.’ ಹುಡುಗರು ‘ಆಯ್ತು ಸರ್’ ಅಂದರು. ಎಂಟನೇ ಮೈಲಿಯಲ್ಲಿ ಇಳಿದು ನಡೆದೆವು.

ನಾಲ್ಕು ದಿನ ಚೆನ್ನಾಗಿಯೇ ಕಳೆಯಿತು. ಐದನೇ ದಿನ ಮಧ್ಯಾಹ್ನ ಕ್ವಾಲಿಟಿ ವಿಭಾಗದ ಮೇಡಂ ನನ್ನನ್ನು ಕರೆಸಿದರು.

ನಮ್ಮ ಹುಡುಗನೊಬ್ಬನಿಗೆ ಡ್ರಿಲ್ಲಿಂಗ್ ಮಷಿನ್‌ನಲ್ಲಿ ರೀಮರ್ ಓಡಿಸುವ ಕೆಲಸ ಕೊಟ್ಟಿದ್ದರು. ಕೊರೆದ ತೂತನ್ನು ಸರಿಯಾದ ಅಳತೆಗೆ ತರುವ ಹಲ್ಲಿನ ಟೂಲ್ ಅದು. 12 ಮಿ.ಮೀ. ತೂತು. ಡ್ರಾಯಿಂಗ್‌ನಲ್ಲಿ 12 ಹೆಚ್ 7 ಅಂತ ಇತ್ತು. ಅಂದರೆ ತೂತು 12ಕ್ಕಿಂತ ಕಮ್ಮಿ ಇರುವ ಹಾಗಿಲ್ಲ, ಜಾಸ್ತಿ ಅಂದರೆ 18 ಮೈಕ್ರಾನ್ ದೊಡ್ಡದಿರಬಹುದು, ಅಷ್ಟೇ. ನಾವು ಐಟಿಐನಲ್ಲಿ ದಿನಾ ಹಿಡಿಯುವ ವರ್ನಿಯರ್ ಓದುವ ಅತಿ ಸಣ್ಣ ಅಳತೆಯೇ 0.02 ಮಿ.ಮೀ., 20 ಮೈಕ್ರಾನ್. ಅವರು ಬಿಟ್ಟುಕೊಡುವ ಜಾಗ ನಮ್ಮ ವರ್ನಿಯರ್ ಕಣ್ಣಿಗೇ ಬೀಳುವುದಿಲ್ಲ! ಅದಕ್ಕೇ ಅಲ್ಲಿ ಪ್ಲಗ್ ಗೇಜ್ ಇಟ್ಟಿರುತ್ತಾರೆ. ಅದರ ‘ಗೋ’ ತುದಿ ತೂತಿನೊಳಗೆ ಹೋಗಬೇಕು, ‘ನೋ ಗೋ’ ತುದಿ ಹೋಗಬಾರದು.

ರೀಮರ್ ಹಲ್ಲಿಗೆ ಲೋಹ ಅಂಟಿಕೊಂಡು ತೂತು ದೊಡ್ಡದಾಗುತ್ತಾ ಹೋಗಿದೆ. ಹುಡುಗ ಗೇಜ್ ಹಾಕಿ ನೋಡಿದ್ದಾನೆ. ನೋ ಗೋ ಸಲೀಸಾಗಿ ಒಳಗೆ ಹೋಗಿದೆ. ಒಂದಲ್ಲ, ನಾಲ್ಕು ಪೀಸ್. ಆ ನಾಲ್ಕನ್ನೂ ಸರಿ ಇರುವ ಪೀಸ್‌ಗಳ ಟ್ರೇಯಲ್ಲಿ, ಕೆಳಗೆ ಸೇರಿಸಿ, ಮೇಲೆ ಒಳ್ಳೆಯದನ್ನು ಜೋಡಿಸಿದ್ದಾನೆ. ನೀಟಾಗಿ.

ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಒಂದು ಸಿಕ್ಕಿತು. ಒಂದು ಸಿಕ್ಕಿದ ಮೇಲೆ ಇನ್ನೆಷ್ಟಿವೆ ಅಂತ ಯಾರಿಗೆ ಗೊತ್ತು? ಬೆಳಗಿನಿಂದ ಆದ ಅಷ್ಟೂ ಪೀಸ್ ನೆಲಕ್ಕಿಳಿಸಿ, ಇಬ್ಬರನ್ನು ಕೂರಿಸಿ, ಒಂದೊಂದಕ್ಕೂ ಗೇಜ್ ಹಾಕಿಸುತ್ತಿದ್ದರು. ಮುನ್ನೂರಕ್ಕಿಂತ ಜಾಸ್ತಿ ಇದ್ದವು. ಸಂಜೆಯ ಲೋಡ್ ನಿಂತಿತ್ತು.

ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ. ಮೇಡಂ ಬೈಯಲಿಲ್ಲ. ಹುಡುಗನನ್ನು ಕೇಳಿದ್ದು ಒಂದೇ: ‘ಎಷ್ಟೊತ್ತಿಗೆ ಶುರುವಾಯ್ತಪ್ಪ ಇದು?’

ಅವನು ನೆಲ ನೋಡುತ್ತಾ, ‘ಟೀ ಆದ್ಮೇಲೆ ಮೇಡಂ’ ಅಂದ.

‘ಅಷ್ಟು ಆಗಲೇ ಹೇಳಿದ್ರೆ ಸಾಕಿತ್ತು. ಟೀಗಿಂತ ಮುಂಚಿನ ಪೀಸ್ ಮುಟ್ಟೋದೇ ಬೇಕಿರ್ಲಿಲ್ಲ. ರೀಮರ್ ಬದಲಾಯಿಸೋಕೆ ಐದು ನಿಮಿಷ.’ ನನ್ನ ಕಡೆ ತಿರುಗಿ, ‘ನಾಲ್ಕು ಪೀಸ್ ಹೋದ್ರೆ ಹೋಯ್ತು ಸರ್. ಹೊಸಬರು ಹಾಳು ಮಾಡ್ತಾರೆ ಅಂತ ನಮ್ಗೂ ಗೊತ್ತು’ ಅಂದರು.

ನಾನೂ ಒಂದು ಗೇಜ್ ಇಸಿದುಕೊಂಡು ಅಲ್ಲೇ ಕೂತೆ. ಹುಡುಗ ಪಕ್ಕದಲ್ಲಿ. ಪೀಸ್ ಎತ್ತು, ಗೋ, ನೋ ಗೋ, ಇಡು. ಎಣ್ಣೆಯಲ್ಲಿ ಕೈ ಜಾರುತ್ತಿತ್ತು. ಸುಮಾರು ಹೊತ್ತಿನ ಮೇಲೆ ಮೆಲ್ಲಗೆ ಕೇಳಿದೆ, ‘ಯಾಕೋ ಹೇಳಲಿಲ್ಲ?’

‘ಒಂದೇ ಒಂದು ತಪ್ಪು ಆಗಬಾರದು ಅಂದಿದ್ರಲ್ಲ ಸರ್ ಬಸ್ಸಲ್ಲಿ.’

ಅವನ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ. ನಾನು ಹೇಳಿದ್ದನ್ನು ಪಾಲಿಸಿದ್ದ, ಅಷ್ಟೇ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ನಮ್ಮ ವರ್ಕ್‌ಶಾಪ್‌ನಲ್ಲಿ ಅಳತೆ ತಪ್ಪಿದ ಜಾಬ್ ನನ್ನ ಟೇಬಲ್‌ಗೆ ಬಂದರೆ ಏನಾಗುತ್ತದೆ? ಮಾರ್ಕ್ಸ್ ಕಡಿಮೆ. ಜೊತೆಗೆ ನನ್ನ ಬಾಯಿಂದ ಒಂದೆರಡು ಮಾತು. ಬಚ್ಚಿಟ್ಟರೆ? ಏನೂ ಇಲ್ಲ, ವರ್ಷಕ್ಕೊಮ್ಮೆ ಹಬ್ಬದ ದಿನ ಒಂದು ನಗು. ಬುದ್ಧಿ ಇರುವ ಹುಡುಗ ಯಾವುದನ್ನು ಕಲಿಯುತ್ತಾನೆ ಹೇಳಿ? ಫೈಲಿಂಗ್ ಕಲಿಸಲು ನನಗೆ ಸಿಲೆಬಸ್ ಬೇಕು, ಡ್ರಾಯಿಂಗ್ ಬೇಕು. ಇದನ್ನು ಯಾವ ಸಿಲೆಬಸ್ಸೂ ಇಲ್ಲದೆ, ಎಷ್ಟೋ ಬ್ಯಾಚ್‌ಗಳಿಗೆ ಬೀರು ಸಾಕ್ಷಿಯಾಗಿ ಕಲಿಸಿದ್ದೆ.

ಕೆಟ್ಟ ಪೀಸ್ ಹಾಕಲು ಕಾರ್ಖಾನೆಗಳಲ್ಲಿ ಇಡುವ ಹಾಗೆ ಈಗ ನಮ್ಮಲ್ಲೂ ಒಂದು ಕೆಂಪು ಕ್ರೇಟ್ ಇದೆ. ಅಂಗಡಿಯಿಂದ ತಂದ ಹಾಲಿನ ಕ್ರೇಟ್, ಹುಡುಗರೇ ಕೆಂಪು ಬಣ್ಣ ಬಳಿದದ್ದು. ಕೆಟ್ಟ ಜಾಬ್ ಅದರಲ್ಲಿ ಹಾಕಿ ಪಕ್ಕದ ಪುಸ್ತಕದಲ್ಲಿ ಎರಡು ಸಾಲು ಬರೆಯಬೇಕು: ಎಷ್ಟು ತಪ್ಪಿತು, ಯಾವಾಗ ಗೊತ್ತಾಯಿತು. ಯಾಕೆ ತಪ್ಪಿತು ಅಂತಲೂ ಮೊದಲು ಬರೆಸುತ್ತಿದ್ದೆ. ‘ಗಮನ ಕೊಡಲಿಲ್ಲ’ ಅಂತ ಎಲ್ಲರೂ ಒಬ್ಬರದ್ದೊಬ್ಬರು ನೋಡಿ ಬರೆಯಲು ಶುರು ಮಾಡಿದರು, ಬಿಟ್ಟೆ. ಬರೆದವನಿಗೆ ಹೊಸ ತುಂಡು ಕೊಡುತ್ತೇನೆ, ಕೇಳಿದ್ದಕ್ಕೆ ಬೈಯುವುದಿಲ್ಲ. ಬೈಯುವುದಿಲ್ಲ ಅಂದೆನಾ? ಹಲ್ಲು ಕಚ್ಚಿಕೊಳ್ಳುತ್ತೇನೆ. ಇಪ್ಪತ್ತು ವರ್ಷದ ಅಭ್ಯಾಸ, ಮುಖ ನೋಡಿದರೆ ಗೊತ್ತಾಗುತ್ತದಂತೆ.

ಸ್ಟೋರ್‌ನವರಿಗೆ ಇದು ಇಷ್ಟವಿಲ್ಲ. ಕಬ್ಬಿಣದ ಪಟ್ಟಿ ಬೇಗ ಖಾಲಿಯಾಗುತ್ತಿದೆ. ‘ಏನ್ ಸಾರ್, ಈ ಸಲದ ಹುಡುಗ್ರು ಭಾರೀ ಹಾಳ್ ಮಾಡ್ತಾವ್ರೆ’ ಅಂತ ಸಾಮಾನು ಕೇಳುವ ಇಂಡೆಂಟ್ ಮೇಲೆ ಸಹಿ ಹಾಕುವಾಗೆಲ್ಲ ಕೇಳುತ್ತಾರೆ. ಹೋದ ಸಲದವರೂ ಇಷ್ಟೇ ಹಾಳು ಮಾಡಿದ್ದರು, ಲೆಕ್ಕ ಬೀರು ಹಿಂದೆ ಇತ್ತು ಅಂದರೆ ಅವರಿಗೆ ತಮಾಷೆ ಅನ್ನಿಸುತ್ತದೆ.

ಈ ವರ್ಷದ ಆಯುಧ ಪೂಜೆಗೂ ಬೀರು ಸರಿಸಿದೆವು. ಹುಡುಗರಿಗಿಂತ ಮುಂಚೆ ನಾನೇ ಬಗ್ಗಿ ನೋಡಿದೆ. ಒಂದು ಮುರಿದ ಹ್ಯಾಕ್ಸಾ ಬ್ಲೇಡ್, ಯಾರದ್ದೋ ಬಸ್ ಪಾಸ್, ಮೂರು ಜಾಬ್. ಎರಡಕ್ಕೆ ತುಕ್ಕು ಹಿಡಿದಿತ್ತು, ಹಳೆಯ ಬ್ಯಾಚಿನದ್ದು. ಮೂರನೆಯದು ಹೊಸದು. ರೋಲ್ ನಂಬರ್ ಇದ್ದ ಜಾಗವನ್ನು ಉಜ್ಜಿ ಅಳಿಸಿದ್ದರು. ಮೂಲೆಮಟ್ಟ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಒಂದು ಗೆರೆ ಬೆಳಕು ಕಾಣಲಿಲ್ಲ. ಅಷ್ಟು ಸಮತಟ್ಟಾಗಿ ಉಜ್ಜುವವರು ಈ ಬ್ಯಾಚಿನಲ್ಲಿ ಇಬ್ಬರೇ ಇರುವುದು.