ಗ್ಯಾಲರಿಯ ಬಾಗಿಲು ತೆರೆದರೆ ಆಧಾರ್ ಕಾರ್ಡೂ ಕಾಣುತ್ತದೆ

ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟ. ಬಹಳ ಜನರ ಫೋನಿನಲ್ಲಿ ಇವುಗಳ ಫೋಟೊಗಳು ಮದುವೆ, ನಾಮಕರಣದ ಚಿತ್ರಗಳ ಜೊತೆಗೇ ಬಿದ್ದಿರುತ್ತವೆ. ಫೋಟೊಗೆ ಚೌಕಟ್ಟು ಹಾಕುವ ಯಾವುದೋ ಆ್ಯಪ್‌ಗೆ 'ಅಲೋ ಆಲ್' ಒತ್ತಿದಿರೋ, ಅದಕ್ಕೆ ಎಲ್ಲವೂ ಸಿಕ್ಕಿದಂತೆ.

ಆಂಡ್ರಾಯ್ಡ್ 14ರಿಂದ (2023) ಅನುಮತಿ ಕೇಳುವ ಅದೇ ಪರದೆಯಲ್ಲಿ ಆಯ್ದ ಫೋಟೊಗಳನ್ನಷ್ಟೇ ಕೊಡುವ ಆಯ್ಕೆಯೂ ಇದೆ. ಅದನ್ನೇ ಒತ್ತಿ, ಬೇಕಾದ ಎರಡು ಚಿತ್ರಕ್ಕೆ ಗುರುತು ಹಾಕಿ. ಮರುದಿನ ತೆಗೆದ ಫೋಟೊ ಆ ಆ್ಯಪ್‌ನಲ್ಲಿ ಕಾಣಿಸುವುದಿಲ್ಲ. ಆ್ಯಪ್ ಕೆಟ್ಟಿದೆ ಎಂದುಕೊಂಡು ಎಷ್ಟೋ ಜನ ಇಲ್ಲೇ 'ಅಲೋ ಆಲ್' ಕೊಟ್ಟುಬಿಡುತ್ತಾರೆ. ಕೊಡಬೇಡಿ. ಆ್ಯಪ್‌ನ ಐಕಾನ್ ಒತ್ತಿ ಹಿಡಿದು, ಆ್ಯಪ್ ಇನ್ಫೋ, ಪರ್ಮಿಷನ್ಸ್, ಫೋಟೋಸ್ ಆ್ಯಂಡ್ ವಿಡಿಯೋಸ್‌ಗೆ ಹೋಗಿ ಹೊಸ ಚಿತ್ರವನ್ನು ಸೇರಿಸಿದರಾಯಿತು. ಐಫೋನಿನಲ್ಲಿ ಈ ಸೌಲಭ್ಯ 2020ರ ಐಒಎಸ್ 14ರಿಂದಲೇ ಇದೆ.

ಪಿಡಿಎಫ್ ಕಥೆ ಬೇರೆ. ಆಂಡ್ರಾಯ್ಡ್ 13ರಿಂದ ಫೋಟೊ, ವಿಡಿಯೊ, ಆಡಿಯೊಗಳಿಗೆ ಪ್ರತ್ಯೇಕ ಅನುಮತಿಗಳಿವೆ, ದಾಖಲೆಗಳಿಗೆ ಅಂಥದ್ದಿಲ್ಲ. ಹೊಸ ನಿಯಮಕ್ಕೆ ತಕ್ಕಂತೆ ಮಾಡಿದ ಆ್ಯಪ್‌ಗೆ ನೀವು ಆರಿಸಿ ಕೊಟ್ಟ ಆ ಒಂದು ಫೈಲ್ ಮಾತ್ರ ಸಿಗುತ್ತದೆ. ಹಾಗಾಗಿ ಗುರುತಿನ ಚೀಟಿಗಳನ್ನು ಪಿಡಿಎಫ್ ಮಾಡಿಟ್ಟು, ಗ್ಯಾಲರಿಯ ಫೋಟೊವನ್ನು ಟ್ರ್ಯಾಶ್‌ನಿಂದಲೂ ಅಳಿಸುವುದು ವಾಸಿ.

ಇದನ್ನೂ ದಾಟಿ ಹೋಗುವ ಅನುಮತಿ ಒಂದಿದೆ: 'ಆಲ್ ಫೈಲ್ಸ್ ಆ್ಯಕ್ಸೆಸ್', ಅಂದರೆ ಪಿಡಿಎಫ್ ಸಹಿತ ಫೋನಿನ ಫೈಲ್‌ಗಳನ್ನು ನೋಡುವ ಹಕ್ಕು. ಮೊದಲು ನೋಡಬೇಕಾದದ್ದು ಅದನ್ನೇ. ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಪ್ ಆ್ಯಕ್ಸೆಸ್ ಒಳಗೆ ಸಿಗುತ್ತದೆ. ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಕಡೆ ಇರುವುದರಿಂದ, ಸೆಟ್ಟಿಂಗ್ಸ್‌ನ ಹುಡುಕು ಪಟ್ಟಿಯಲ್ಲಿ 'ಆಲ್ ಫೈಲ್ಸ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಬೇಗ ಸಿಕ್ಕೀತು. ಫೈಲ್ ಮ್ಯಾನೇಜರ್, ಬ್ಯಾಕಪ್ ಆ್ಯಪ್‌ಗಳಿಗೆ ಇದು ನ್ಯಾಯವಾಗಿ ಬೇಕು. ಟಾರ್ಚ್, ಕ್ಯೂಆರ್ ಸ್ಕ್ಯಾನರ್, ಕೀಬೋರ್ಡ್ ಆ ಪಟ್ಟಿಯಲ್ಲಿ ಆನ್ ಆಗಿದ್ದರೆ ತಕ್ಷಣ ಆಫ್ ಮಾಡಿ.

ಸಾಲದ ಆ್ಯಪ್ ಗ್ಯಾಲರಿ ಕೇಳಿದರಂತೂ ಅಲ್ಲಿಗೇ ನಿಲ್ಲಿಸಿ. ಫೋನಿನ ಫೈಲ್, ಮೀಡಿಯಾ, ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರಗಳನ್ನು ಇಂಥ ಆ್ಯಪ್‌ಗಳು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಕೆವೈಸಿಗೆ ಕ್ಯಾಮೆರಾ ಒಮ್ಮೆ ಕೇಳಬಹುದು, ಅದೂ ನಿಮ್ಮ ಒಪ್ಪಿಗೆ ಪಡೆದು. ಸಾಲಗಾರರ ಫೋಟೊಗಳನ್ನು ತಿರುಚಿ ನಂಟರಿಗೆ ಕಳಿಸಿ ಬೆದರಿಸಿದ ಪ್ರಕರಣಗಳು ಕಣ್ಣ ಮುಂದೆಯೇ ಇವೆ.

ಅನುಮತಿ ತೆಗೆದರೆ ಮುಂದಿನ ದಾರಿ ಮುಚ್ಚುತ್ತದೆ, ಅಷ್ಟೇ. ಆಗಲೇ ಸರ್ವರ್‌ಗೆ ಹೋದ ಪ್ರತಿ ಅಲ್ಲೇ ಇರುತ್ತದೆ. ಅದಕ್ಕೆ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡುವ ಮುನ್ನವೇ ಒಳಗೆ ಹೋಗಿ 'ಡಿಲೀಟ್ ಅಕೌಂಟ್' ಕೋರಿಕೆ ಸಲ್ಲಿಸಿ.